ಎರಡು ಸಲ ಸತ್ತ ಹಂದಿ

ಗುರುವಾರ ಬೆಳಿಗ್ಗೆ ಪತ್ರಿಕೆ ಬರುವುದರೊಳಗೆ ಸೋರಿಂಗಕ್ಕ ಸೌಟು ಕೈಯಲ್ಲೇ ಹಿಡಿದು ನಾಲ್ಕಾರು ಸಲ ಬಾಗಿಲಿಗೆ ಬಂದು ಹೋದಳು. ಇಲೊಯ್ಲೊ ನಗರದಿಂದ ಹೊರಟ ಮೊದಲ ಜೀಪ್ನಿ ವ್ಯಾನು ಸಾಂತಾ ವೆರೊನಿಕಾ ಊರಿನ ಮಾರುಕಟ್ಟೆಯ ಮುಂದೆ 'ಪನಾಯ್ ದೀಪ'ದ ಕಟ್ಟು ಎಸೆದು ಹೋಗುವುದು ವಾರಕ್ಕೆ ಒಂದೇ ಸಲ. ಬೇರೆ ವಾರಗಳಲ್ಲಿ ಆ ಪತ್ರಿಕೆ ಅವಳ ಹೋಟೆಲಿಗೆ ಬರುತ್ತಿದ್ದದ್ದು ಮೀನು ಸುತ್ತಿಕೊಂಡು. ಈ ವಾರ ಅವಳೇ ಹೋಗಿ ಎರಡು ಪ್ರತಿ ಕೊಂಡು ತಂದಳು, ಒಂದು ಓದಲಿಕ್ಕೆ, ಇನ್ನೊಂದು ಎತ್ತಿಡಲಿಕ್ಕೆ.

ಆ ಪತ್ರಿಕೆಯ ಮೊದಲ ಪುಟದಲ್ಲಿ ಸುದ್ದಿ ಇರುತ್ತದೆ; ಅದನ್ನು ಯಾರೂ ಓದುವುದಿಲ್ಲ. ಮೂರನೇ ಪುಟದಲ್ಲಿ ಅಬುಂಡಿಯೊ ಮೇಷ್ಟ್ರ 'ಕಂಡದ್ದು ಕೇಳಿದ್ದು' ಅಂಕಣ ಇರುತ್ತದೆ. ಅದನ್ನು ಓದದವರು ಊರಲ್ಲಿ ಇಲ್ಲ. ಮೇಷ್ಟ್ರು ಒಂದಿಡೀ ತಲೆಮಾರಿಗೆ ಆರನೇ ತರಗತಿಯ ಪಾಠ ಹೇಳಿದವರು. ಸೋರಿಂಗಕ್ಕನೂ ಅವರ ಅಡಿಕೋಲಿನ ಪೆಟ್ಟು ತಿಂದವಳೇ. ಹಳೆಯ ಪತ್ರಿಕೆಗಳನ್ನು ತರಗತಿಗೆ ತಂದು, ಮೇಜು ಕುಟ್ಟಿ, "ಸಂಗತಿ ಬೇರೆ, ಅಭಿಪ್ರಾಯ ಬೇರೆ! ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಇವೆರಡು ಕೇಳದೆ ಏನನ್ನೂ ನಂಬಬೇಡಿ!" ಎಂದು ಮಕ್ಕಳ ಬಾಯಲ್ಲಿ ಒಕ್ಕೊರಲಿನಿಂದ ಹೇಳಿಸುತ್ತಿದ್ದರು. ಊರಿನ ಅರ್ಧ ಜನಕ್ಕೆ ಅದು ಈಗಲೂ ಬಾಯಿಪಾಠ. ಬಾಯಿಪಾಠವಾದದ್ದು ಬಾಯಲ್ಲೇ ಉಳಿದುಕೊಂಡಿತು, ತಲೆಯ ಕಡೆ ಸುಳಿಯಲಿಲ್ಲ. ಇನ್ನು ಮೇಷ್ಟ್ರು? ನಿವೃತ್ತಿಯ ದಿನ ಉಳಿದ ಸೀಮೆಸುಣ್ಣದ ಜೊತೆ ಆ ಎರಡು ಪ್ರಶ್ನೆಗಳನ್ನೂ ಶಾಲೆಯಲ್ಲೇ ಬಿಟ್ಟು ಬಂದು ಅಂಕಣಕಾರರಾದರು.

ಸೋರಿಂಗಕ್ಕನ ಆತುರಕ್ಕೆ ಕಾರಣವಿತ್ತು. ಮಾರುಕಟ್ಟೆಯ ಪೂರ್ವಕ್ಕೆ ಅವಳ ಹೋಟೆಲು, ಪಶ್ಚಿಮಕ್ಕೆ ದಿಯೊಸೊ ಎಂಬ ಡೊಳ್ಳುಹೊಟ್ಟೆಯವನ ಹೋಟೆಲು. ಇಬ್ಬರೂ ಮಾಡುವುದು ಅದೇ ಬಾಚೊಯ್: ಹಂದಿಮೂಳೆ ಕುದಿಸಿದ ಸಾರು, ನೂಡಲ್ಸು, ಮೇಲೆ ಲಿವರ್ ತುಂಡು, ಹುರಿದ ಚರ್ಮದ ಪುಡಿ. ಗಂಡ ಸತ್ತ ಮೇಲೆ ಆ ಸಾರಿನ ಪಾತ್ರೆಯೇ ಸೋರಿಂಗಕ್ಕನಿಗೆ ಗಂಡ, ಮನೆ, ದೇವರು ಎಲ್ಲ. ಹೀಗಿರುವಾಗ ದಿಯೊಸೊ ಬಾಕ್ಸಿಂಗ್ ತೋರಿಸಲೆಂದು ಗೋಡೆಯಗಲದ ಟೀವಿ ತಂದಿಟ್ಟ. ಟೀವಿಯಲ್ಲಿ ಯಾರೋ ಯಾರಿಗೋ ಗುದ್ದುತ್ತಿದ್ದರೆ ಸಾರಿಗೆ ರುಚಿ ಹೆಚ್ಚುತ್ತದೆಯೋ ಏನೋ, ಇವಳ ಗಿರಾಕಿಗಳು ಒಬ್ಬೊಬ್ಬರಾಗಿ ಪಶ್ಚಿಮಕ್ಕೆ ಸರಿದರು. ಸೋರಿಂಗಕ್ಕನ ಹೊಟ್ಟೆಯಲ್ಲಿ ಒಲೆಗಿಂತ ದೊಡ್ಡ ಬೆಂಕಿ ಬಿತ್ತು.

ಕಳೆದ ಶನಿವಾರ ಮೇಷ್ಟ್ರು ಎಂದಿನಂತೆ ಮೂಲೆಯ ಮೇಜಿನಲ್ಲಿ ಕೂತು, ಎಂದಿನಂತೆ ಪುಕ್ಕಟೆ ಕಾಫಿ ಕುಡಿಯುತ್ತ, "ಏನಮ್ಮಾ ಸಮಾಚಾರ?" ಎಂದಿದ್ದರು.

"ನಾನಂತೂ ಯಾರ ಬಗ್ಗೇನೂ ಆಡ್ಕೊಳ್ಳೋಳಲ್ಲ ಮೇಷ್ಟ್ರೇ," ಎಂದು ಸೋರಿಂಗಕ್ಕ ಶುರುಮಾಡಿದಳು. ಹೀಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತಿಲ್ಲ? "ಆದ್ರೆ ಬೆಳಕು ಹರಿಯೋ ಮುಂಚೆ ದಿಯೊಸೋನ ಹಿತ್ತಿಲಿಗೆ ಟ್ರೈಸಿಕಲ್‌ನಲ್ಲಿ ಗೋಣಿಚೀಲ ಯಾಕೆ ಬರುತ್ತೆ ಅಂತ?"

"ಚೀಲದಲ್ಲಿ ಏನಿತ್ತು?"

"ಏನಿರುತ್ತೆ ನೀವೇ ಹೇಳಿ. ಮಲ್ಲಿಗೆ ಹೂವಿರುತ್ತಾ? ಹೊಳೆಯಾಚೆ ಹಂದಿಗಳು ಜ್ವರ ಬಂದು ಬೀಳ್ತಾ ಇದಾವಂತೆ."

"ಅಂದ್ರೆ ಸತ್ತ ಹಂದಿ ಅಂತೀಯಾ?"

"ಅಯ್ಯಯ್ಯೋ, ನಾನು ಹಾಗಂದ್ನಾ? ನೀವಂದಿದ್ದು."

ಮೇಷ್ಟ್ರ ಕಿವಿ ನೆಟ್ಟಗಾಯಿತು. ರೋಗದಲ್ಲಿ ಒಂದು ಸಲ ಸತ್ತು, ಕಟುಕನ ಕತ್ತಿಯಲ್ಲಿ ಇನ್ನೊಂದು ಸಲ ಸಾಯುವ ಹಂದಿಗೆ ಆ ಸೀಮೆಯಲ್ಲಿ 'ಎರಡು ಸಲ ಸತ್ತದ್ದು' ಎಂದೇ ಹೆಸರು. ಅದರ ಹೆಸರೆತ್ತಿದರೆ ಸಾಕು, ಊಟಕ್ಕೆ ಕೂತವನು ಎದ್ದುಹೋಗುತ್ತಾನೆ. ಸೋರಿಂಗಕ್ಕ ನೋಡಿದ್ದು ಒಂದು ಗೋಣಿಚೀಲ, ಅದೂ ಅರೆಗತ್ತಲಲ್ಲಿ, ಅದೂ ಮಾರುಕಟ್ಟೆಯ ಆಚೆ ತುದಿಯಿಂದ. ಮೇಷ್ಟ್ರಿಗೆ ಅಷ್ಟು ಧಾರಾಳವಾಗಿ ಸಾಕಾಯಿತು. ಅವರು ಇನ್ನೊಂದು ಕಾಫಿ ಕೇಳಿದರು, ಅವಳು ಜೊತೆಗೆ ಬಿಸಿ ಪುತೊ ಕಡುಬು ಕೂಡ ಇಟ್ಟಳು.

ಹೀಗಾಗಿ ಗುರುವಾರ ಅವಳು ಪತ್ರಿಕೆಯನ್ನು ತಾನು ಮೊದಲು ಓದಿಕೊಳ್ಳುವ ತಾಳ್ಮೆಯನ್ನೂ ಇಟ್ಟುಕೊಳ್ಳಲಿಲ್ಲ. ಹೋಟೆಲಿನಲ್ಲಿ ಏಳೆಂಟು ಜನ ಇದ್ದರು. ಜೀಪ್ನಿ ಓಡಿಸುವ ಕಾಸಿಮಿರೊ ನೂಡಲ್ಸು ಬಾಯಿಗಿಟ್ಟುಕೊಂಡಿದ್ದ. "ಎಲ್ಲಾರೂ ಕೇಳ್ರಪ್ಪಾ, ಮೇಷ್ಟ್ರು ಈ ವಾರ ಏನು ಬರ್ದಿದಾರೆ ನೋಡೋಣ," ಎಂದು ಮೇಜುಗಳ ನಡುವೆ ನಿಂತು ಗಟ್ಟಿಯಾಗಿ ಓದತೊಡಗಿದಳು.

"'ಪ್ರಿಯ ಓದುಗರೇ, ನಮ್ಮ ಮಾರುಕಟ್ಟೆಯ ಬದಿಯಲ್ಲಿ ಬಾಚೊಯ್ ಬಡಿಸುವ ಒಬ್ಬ ಮಾನವಂತರಿದ್ದಾರೆ. ಅವರ ಪಾತ್ರೆಯಲ್ಲಿ ಕುದಿಯುತ್ತಿರುವುದು ಎರಡು ಸಲ ಸತ್ತ ಹಂದಿ ಎಂದು ಕಣ್ಣಾರೆ ಕಂಡ, ನಂಬಲರ್ಹ ಮೂಲವೊಂದು ನಮಗೆ ತಿಳಿಸಿದೆ.' ಕೇಳಿದ್ರಾ? ಕಣ್ಣಾರೆ ಕಂಡ, ನಂಬಲರ್ಹ!" ಹೀಗೆ ತನಗೆ ಸಿಕ್ಕ ಬಿರುದನ್ನು ಎರಡೆರಡು ಸಲ ಓದಿದಳು. "'ಅವರ ಮಾನ ಕಾಪಾಡಲು ಅವರನ್ನು ನಾವು ಸೌಟಮ್ಮ ಎಂಬ ಹೆಸರಿನಲ್ಲಿ ಬಚ್ಚಿಡೋಣ.' ಸೌಟಮ್ಮ?" ಅವಳು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಹೋಗ್ಲಿ, ಮೇಷ್ಟ್ರ ತಮಾಷೆ. 'ಪೂರ್ವ ದಿಕ್ಕಿನಲ್ಲಿ...' ಇದು ಅಚ್ಚಿನ ತಪ್ಪು, ಪಶ್ಚಿಮ ಇರ್ಬೇಕು. 'ಸೌಟಮ್ಮ ತೆಳ್ಳನೆಯ ಹೆಂಗಸು. ಗಂಡನನ್ನು ಕಳೆದುಕೊಂಡವರು. ಅವರ ಹೋಟೆಲಿನಲ್ಲಿ ಟೀವಿ ಇಲ್ಲ...'"

ಅವಳ ದನಿ ಸಣ್ಣಗಾಯಿತು. ತಲೆಯೆತ್ತಿ ನೋಡಿದರೆ ಏಳೆಂಟು ಜೊತೆ ಕಣ್ಣುಗಳು ಅವಳ ಮುಖ ಬಿಟ್ಟು ಮೆಲ್ಲಗೆ ತಮ್ಮ ತಮ್ಮ ಬಟ್ಟಲಿಗೆ ಇಳಿಯುತ್ತಿದ್ದವು. ಕಾಸಿಮಿರೊ ಬಾಯಲ್ಲಿದ್ದದ್ದನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ಹಾಗೇ ಕೂತಿದ್ದ.

"ಯಾಕೋ ಹೊಟ್ಟೆ ತುಂಬ್ತು ಅಕ್ಕಾ," ಎಂದು ಕೊನೆಗೂ ನುಂಗಿ ಎದ್ದ.

"ಕಾಸಿಮಿರೊ, ಇದು ನಾನಲ್ಲ ಕಣೋ! ದಿಯೊಸೋನ ಬಗ್ಗೆ ಬರ್ದಿರೋದು!"

"ದಿಯೊಸೊ ಯಾವಾಗಿಂದ ವಿಧವೆ ಆದ ಅಕ್ಕಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ನಗಬೇಕಾದವರು ನಗಲಿಲ್ಲ, ಕೈ ತೊಳೆಯಲು ಎದ್ದರು.

ಸೋರಿಂಗಕ್ಕ ಸೌಟು ಹಿಡಿದುಕೊಂಡೇ ಮೇಷ್ಟ್ರ ಮನೆಗೆ ನುಗ್ಗಿದಳು. ಮೇಷ್ಟ್ರು ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ತಮ್ಮ ಕಾದಾಟದ ಹುಂಜಕ್ಕೆ ಜೋಳ ತಿನ್ನಿಸುತ್ತಿದ್ದರು.

"ಏನು ಮೇಷ್ಟ್ರೇ ಇದು? ನಾನು ಹೇಳಿದ್ದು ಯಾರ ಬಗ್ಗೆ, ನೀವು ಬರೆದಿದ್ದು ಯಾರ ಬಗ್ಗೆ?"

"ಸಮಾಧಾನ, ಸಮಾಧಾನ. ನಾನು ಬರೆದಿದ್ದು ದಿಯೊಸೋನ ಬಗ್ಗೇನೇ," ಎಂದರು ಮೇಷ್ಟ್ರು. "ಆದ್ರೆ ಅವನ ಅಣ್ಣನ ಮಗ ವಕೀಲ ಅಲ್ವಾ? ಗುರುತು ಸಿಕ್ರೆ ಮಾನನಷ್ಟ ಅಂತ ನನ್ನನ್ನ ಜೈಲಿಗೆ ಕಳಿಸ್ತಾನೆ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಅದಕ್ಕೇ ಗುರುತೆಲ್ಲ ತಿರುಗಿಸ್ದೆ. ಗಂಡಸನ್ನ ಹೆಂಗಸು ಮಾಡ್ದೆ. ದಪ್ಪಗಿದ್ದೋನನ್ನ ತೆಳ್ಳಗೆ ಮಾಡ್ದೆ. ಪಶ್ಚಿಮಾನ ಪೂರ್ವ ಮಾಡ್ದೆ. ಹೆಂಡ್ತಿ ಇದಾಳೆ, ಅದಕ್ಕೆ ವಿಧವೆ ಅಂದೆ. ಟೀವಿ ಇದೆ, ಇಲ್ಲ ಅಂದೆ. ಇಷ್ಟು ಜೋಪಾನವಾಗಿ ಇಡೀ ಪನಾಯ್ ದ್ವೀಪದಲ್ಲಿ ಯಾರಮ್ಮಾ ಬರೀತಾರೆ?"

"ತಿರುಗಿಸಿ ತಿರುಗಿಸಿ ನನ್ನನ್ನೇ ಮಾಡಿಟ್ರಲ್ಲ!"

ಮೇಷ್ಟ್ರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತೆಳ್ಳಗಿದ್ದಾಳೆ. ವಿಧವೆ. ಪೂರ್ವ. ಹುಂಜ ಕೂಡ ಕತ್ತು ವಾರೆ ಮಾಡಿ ನೋಡಿತು. "ಹೌದಲ್ಲ," ಎಂದರು ಮೇಷ್ಟ್ರು, ನಿಜವಾಗಿಯೂ ಆಶ್ಚರ್ಯಪಟ್ಟು.

"ಮುಂದಿನ ವಾರ ಬರೀರಿ. ಅದು ಸೋರಿಂಗ್ ಅಲ್ಲ ಅಂತ ಬರೀರಿ."

"ಹೇಗೆ ಬರೀಲಿ? ನೀನು ಅಂತ ನಾನು ಬರ್ದೇ ಇಲ್ವಲ್ಲ! ನೀನಲ್ಲ ಅಂದ್ರೆ ಉಳಿಯೋದು ಯಾರು? ಊರಲ್ಲಿ ಇರೋದು ಎರಡೇ ಬಾಚೊಯ್ ಹೋಟ್ಲು. ವಕೀಲ ಸುಮ್ನಿರ್ತಾನಾ?"

"ಹಾಗಾದ್ರೆ ಸುಳ್ಳು ಅಂತ ಬರೀರಿ."

"ಅಂಕಣ ಸುಳ್ಳಾಗೋದಿಲ್ಲಮ್ಮಾ. ಸುದ್ದಿ ಸುಳ್ಳಾಗುತ್ತೆ. ಅಂಕಣ ಅಂದ್ರೆ ಅಭಿಪ್ರಾಯ. ಆರನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ನಲ್ಲ, ಮರ್ತುಬಿಟ್ಯಾ?" ಎಂದು ಮೇಷ್ಟ್ರು ಶಿಷ್ಯೆಯ ದಡ್ಡತನಕ್ಕೆ ನೊಂದುಕೊಂಡು ಹುಂಜದ ಬೆನ್ನು ಸವರಿದರು. "ನೀನು ಗಂಭೀರವಾಗಿ ಸುಮ್ನಿರು. ಎರಡು ದಿನಕ್ಕೆ ಎಲ್ಲಾರೂ ಮರೀತಾರೆ."

ಎರಡು ದಿನಕ್ಕೆ ಮರೆಯಲು ಗುಡುಗು ರೋಮೆಲ್ ಬಿಡಬೇಕಲ್ಲ. ಬೆಳಗಿನ ರೇಡಿಯೊದಲ್ಲಿ ಮೂರು ಗಂಟೆ ಒಂದೇ ಉಸಿರಿಗೆ ಕೂಗುವುದು ಅವನ ಕಸುಬು. ಕೂಗಲು ಏನಾದರೂ ಬೇಕಿತ್ತು. "ಕೇಳುಗರೇ! ಇದು ನಾನು ಹೇಳ್ತಿರೋದಲ್ಲ! ಪತ್ರಿಕೆಯಲ್ಲೇ ವರದಿಯಾಗಿದೆ! ಕಣ್ಣಾರೆ ಕಂಡವರಿದ್ದಾರೆ! ಪುರಸಭೆ ಏನು ನಿದ್ದೆ ಮಾಡ್ತಿದೆಯಾ?" ಎಂದು ಮೇಜು ಗುದ್ದಿದ. ಹೀಗೆ ಮೇಷ್ಟ್ರ ಅಭಿಪ್ರಾಯ ರಾತ್ರಿ ಬೆಳಗಾಗುವುದರೊಳಗೆ ವರದಿಯಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಹಳ್ಳಿಗಾಡಿನಲ್ಲಿ ಇರುತ್ತಾರೆ ಅಂದುಕೊಂಡಿದ್ದೇವೆ. ಅವರಲ್ಲಿ ಕೆಲವರಿಗೆ ಈಗ ಮೈಕು ಸಿಕ್ಕಿದೆ.

ಪುರಸಭೆಗೆ ಎಚ್ಚರವಾಯಿತು. ಆರೋಗ್ಯ ನಿರೀಕ್ಷಕರು ಸಮವಸ್ತ್ರ ತೊಟ್ಟು ಬಂದು ಸೋರಿಂಗಕ್ಕನ ಪಾತ್ರೆ ಮೂಸಿದರು, ಮೂಳೆ ಎಣಿಸಿದರು, ಕಸಾಯಿಖಾನೆಯ ಮೊಹರು ನೋಡಿದರು. ಎಲ್ಲ ಸರಿಯಾಗಿತ್ತು.

"ಸರಿಯಾಗಿದೆ ಅಂತ ಒಂದು ಮಾತು ಹೊರಗೆ ನಿಂತು ಹೇಳಿ ಸಾರ್," ಎಂದು ಸೋರಿಂಗಕ್ಕ ಅಂಗಲಾಚಿದಳು. ಬಾಗಿಲಲ್ಲಿ ಊರೇ ನೆರೆದಿತ್ತು.

ನಿರೀಕ್ಷಕರು ಹೊರಗೆ ಬಂದು ಗಂಟಲು ಸರಿಮಾಡಿಕೊಂಡು, "ಸದ್ಯಕ್ಕೆ ಏನೂ ಸಿಕ್ಕಿಲ್ಲ," ಎಂದರು. ಆ 'ಸದ್ಯಕ್ಕೆ' ಎಂಬುದನ್ನು ಯಾಕೆ ಹೇಳಿದರೋ ಅವರಿಗೇ ಗೊತ್ತಿಲ್ಲ. ಸರ್ಕಾರಿ ಬಾಯಿ, ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ. ಮರುದಿನ ರೇಡಿಯೊದಲ್ಲಿ ಸೋರಿಂಗಕ್ಕನ ಹೋಟೆಲಿನ ಮೇಲೆ ಸರ್ಕಾರ ದಾಳಿ ಮಾಡಿದೆ ಎಂದಾಯಿತು. ಅದರ ಮುಂದಿನ ಗುರುವಾರ ಮೇಷ್ಟ್ರು ಬರೆದರು: "ಈ ಅಂಕಣ ಮೊಟ್ಟಮೊದಲು ಬಯಲಿಗೆಳೆದ ಸಂಗತಿಯನ್ನು ರೇಡಿಯೊ ದೃಢಪಡಿಸಿದೆ, ಸರ್ಕಾರ ತನಿಖೆಗೆ ಎತ್ತಿಕೊಂಡಿದೆ. ಸತ್ಯ ತಡವಾಗಿಯಾದರೂ ಗೆಲ್ಲುತ್ತದೆ."

ಸೋರಿಂಗಕ್ಕನ ಹೋಟೆಲಿಗೆ ನೊಣ ಕೂಡ ಬರುವುದು ಬಿಟ್ಟಿತು. ಕುದಿಸಿದ ಸಾರನ್ನು ಸಂಜೆ ಚರಂಡಿಗೆ ಸುರಿಯುವಾಗ ಅವಳಿಗೆ ಅಳು ಬರುತ್ತಿತ್ತು. ಹೀಗೇ ಇನ್ನೊಂದು ತಿಂಗಳು ಹೋದರೆ ಹೋಟೆಲು ಮುಚ್ಚಬೇಕು, ಮುಚ್ಚಿದರೆ ಅವಳು ಹೋಗಬೇಕಾದದ್ದು ಮನಿಲಾದಲ್ಲಿ ಯಾರದೋ ಮನೆಯ ಪಾತ್ರೆ ತೊಳೆಯಲು. ಆಮೇಲೆ ಕೋಪ ಬಂತು. ಅಳುವಿಗಿಂತ ಕೋಪ ಅವಳಿಗೆ ಚೆನ್ನಾಗಿ ಒಗ್ಗುತ್ತಿತ್ತು.

ಅವಳು ಮೊದಲು ಪುರಸಭೆಗೆ ಹೋದಳು. "ನನ್ನ ಹೋಟ್ಲು ನೋಡೋಕೆ ನಿಮಗೆ ಯಾರು ಹೇಳಿದ್ದು?" ಎಂದು ನಿರೀಕ್ಷಕರನ್ನು ಕೇಳಿದಳು. "ರೇಡಿಯೊದಲ್ಲಿ ಬಂತಲ್ಲಮ್ಮಾ," ಎಂದರು ಅವರು. ರೇಡಿಯೊಗೆ ಹೋದಳು. ರೋಮೆಲ್ ಮೈಕಿಲ್ಲದಾಗ ಬಲು ಮೆತ್ತಗಿನ ಮನುಷ್ಯ, ಕುರ್ಚಿ ಕೊಟ್ಟು, "ನಾನೇನು ಕಂಡಿದ್ನಾ ಅಕ್ಕಾ? ಪೇಪರ್ನಲ್ಲಿತ್ತು, ಓದಿದೆ," ಎಂದ. ಮೇಷ್ಟ್ರ ಮನೆಗೆ ಹೋದಳು. ಸೌಟು ಬಾಗಿಲಿಗೆ ಕುಟ್ಟಿ, ಅವರದೇ ಹಳೆಯ ಗತ್ತಿನಲ್ಲಿ ಕೇಳಿದಳು.

"ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?"

ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. "ನೀನೇ ಅಲ್ವೇನಮ್ಮಾ ಹೇಳಿದ್ದು? ನಿಂಗೆ ಹೇಗೆ ಗೊತ್ತು ಅಂತ ನಾನು ಕೇಳೋಕೆ ಹೋಗ್ಲಿಲ್ಲ. ನಮ್ಮ ಸೋರಿಂಗ್ ಸುಳ್ಳು ಹೇಳ್ತಾಳಾ ಅಂತ ನಂಬ್ದೆ."

ಅವಳಿಗೆ ಗೊತ್ತಿರದ ವಿಷಯವೇನಲ್ಲ ಇದು. ಆದರೂ ಮೂರು ಬಾಗಿಲು ಬಡಿದು ಕೊನೆಗೆ ತನ್ನ ಮನೆ ಬಾಗಿಲಿಗೇ ಬಂದು ನಿಂತಾಗ ಆಗುವ ನಾಚಿಕೆಯೇ ಬೇರೆ. ಗೋಣಿಚೀಲ ಒಂದು ಸಲ ಕಂಡದ್ದು ನಿಜ, ಬಾಕಿಯೆಲ್ಲ ತನ್ನ ಹೊಟ್ಟೆಕಿಚ್ಚು ತಾನೇ ಕಂಡುಕೊಂಡದ್ದು. ದಾರಿಯುದ್ದಕ್ಕೂ ಅವಳು ತಲೆಯೆತ್ತಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ ಎಂದುಕೊಂಡಳು. ಆದರೆ ಉಣ್ಣಲು ಕೂತರೆ ಹೋಟೆಲು ಉಳಿಯುವುದಿಲ್ಲ. ಉಳಿದ ದಾರಿ ಒಂದೇ ಇತ್ತು, ನಿಜ ಹೇಳುವುದು.

ಮರುದಿನ ಬೆಳಿಗ್ಗೆ ಒಳ್ಳೆಯ ಉಡುಪು ತೊಟ್ಟು ರೋಮೆಲ್‌ನ ಮೈಕಿನ ಮುಂದೆ ಕೂತಳು.

"ಆ ನಂಬಲರ್ಹ ಮೂಲ ನಾನೇ. ಸೋರಿಂಗ್ ಪಹಿಲಂಗ. ನಾನು ಹೇಳಿದ್ದು ದಿಯೊಸೋನ ಬಗ್ಗೆ. ನಾನು ಕಂಡಿದ್ದು ಒಂದು ಚೀಲ. ಒಳಗೇನಿತ್ತೋ ನಂಗೆ ಗೊತ್ತಿಲ್ಲ. ಅವನ ಗಿರಾಕಿ ನೋಡಿ ಹೊಟ್ಟೆ ಉರೀತು, ಹೇಳ್ಬಿಟ್ಟೆ. ಅವನ ಹಂದೀನೂ ಒಂದೇ ಸಲ ಸತ್ತಿದ್ದು, ನನ್ನ ಹಂದೀನೂ ಒಂದೇ ಸಲ ಸತ್ತಿದ್ದು. ತಪ್ಪಾಯ್ತು."

ಹೇಳಿದವರ ಹೆಸರಿತ್ತು. ಹೇಗೆ ಗೊತ್ತು, ಎಷ್ಟು ಗೊತ್ತು, ಯಾಕೆ ಹೇಳಿದಳು, ಎಲ್ಲ ಇತ್ತು. ಆರನೇ ತರಗತಿಯ ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಬರಬೇಕಾದ ಹೇಳಿಕೆ. ಸಾಂತಾ ವೆರೊನಿಕಾ ಅದನ್ನು ನಂಬಲಿಲ್ಲ. ರೋಮೆಲ್‌ನ ಮೊಬೈಲಿಗೆ ಸಂದೇಶಗಳು ಸುರಿದವು, ಅವನು ಒಂದೊಂದನ್ನೂ ರಾಗವಾಗಿ ಓದಿದ.

"'ತಪ್ಪು ಮಾಡದವಳು ಯಾಕೆ ಒಪ್ಕೋತಾಳೆ?' ಅಂತಾರೆ ಒಬ್ಬರು. ಯೋಚನೆ ಮಾಡ್ಬೇಕಾದ ಮಾತು ಕೇಳುಗರೇ! 'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ಲು' ಅಂತ ಇನ್ನೊಬ್ಬರು. 'ದಿಯೊಸೊ ದುಡ್ಡು ಕೊಟ್ಟು ಹೇಳ್ಸಿದಾನೆ.' ಓಹೋ! 'ಹಾಗಾದ್ರೆ ದಿಯೊಸೋಂದೂ ಸತ್ತ ಹಂದೀನೇ ಅನ್ನಿ!'"

ಅಷ್ಟರಲ್ಲಿ ದಿಯೊಸೋನೇ ಫೋನು ಮಾಡಿದ. "ಲೋ ರೋಮೆಲ್, ಚೀಲದಲ್ಲಿ ಇದ್ದಿದ್ದು ಇದ್ದಿಲು ಕಣೋ! ಒಲೆಗೆ ಹಾಕೋ ಇದ್ದಿಲು!"

"ಇದ್ದಿಲಂತೆ!" ರೋಮೆಲ್ ಮೇಜು ಗುದ್ದಿದ. "ಕೇಳಿದಿರಾ? ಏನು ಸುಡೋಕೆ ಅಷ್ಟೊಂದು ಇದ್ದಿಲು? ಜನ ಕೇಳ್ತಾ ಇದಾರೆ!"

ಜನ ಇನ್ನೂ ಕೇಳಿರಲಿಲ್ಲ. ಅವನು ಹೇಳಿದ ಮೇಲೆ ಕೇಳತೊಡಗಿದರು. ಮಧ್ಯಾಹ್ನದ ಹೊತ್ತಿಗೆ ದಿಯೊಸೋನ ದೊಡ್ಡ ಟೀವಿಯಲ್ಲಿ ಇಬ್ಬರು ಬಾಕ್ಸರುಗಳು ಖಾಲಿ ಕುರ್ಚಿಗಳಿಗಾಗಿ ಹೊಡೆದಾಡುತ್ತಿದ್ದರು. ಇಡೀ ಊರು ಬೇಕರಿಯ ಒಣ ಬ್ರೆಡ್ಡು ತಿಂದು ತನ್ನ ಆರೋಗ್ಯ ಕಾಪಾಡಿಕೊಂಡಿತು.

ಒಂದು ವಾರ ಕಳೆದಿರಬೇಕು. ಮಟಮಟ ಮಧ್ಯಾಹ್ನ ದಿಯೊಸೊ ತನ್ನ ಹೋಟೆಲಿನ ಬಾಚೊಯ್ ಒಂದು ಬಟ್ಟಲು ಮುಚ್ಚಿಕೊಂಡು ಮಾರುಕಟ್ಟೆ ದಾಟಿ ಬಂದು, ಸೋರಿಂಗಕ್ಕನ ಹೋಟೆಲಿನ ಬೀದಿಬದಿಯ ಮೇಜಿಗೆ ಧೊಪ್ಪನೆ ಕೂತ. ಅವಳು ಸೌಟನ್ನು ಅಡ್ಡ ಹಿಡಿದು ನಿಂತಳು. ಹೊಡೆಯಲು ಬಂದಿದ್ದರೆ ಹೊಡೆಸಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಿತ್ತು, ಆದರೂ ಸೌಟು ಇಳಿಸಲಿಲ್ಲ.

"ನಿನ್ನ ಮೇಲಿನ ಪ್ರೀತಿಯಿಂದ ಬಂದಿಲ್ಲ, ಭಯಪಡ್ಬೇಡ," ಎಂದ ದಿಯೊಸೊ. "ನನ್ನ ಹೆಂಡ್ತಿ ಕಳಿಸಿದ್ಲು. ನೀನು ನಂದು ತಿನ್ನು, ನಾನು ನಿಂದು ತಿಂತೀನಿ. ದಿನಾ ಇಲ್ಲೇ ಕೂತು ತಿನ್ನೋಣ. ಊರು ನೋಡ್ಲಿ. ಒಬ್ರ ಹಂದಿ ಇನ್ನೊಬ್ರು ತಿಂದ ಮೇಲೂ ಬದುಕಿದೀವಿ ಅಂದ್ರೆ ಅದಕ್ಕಿಂತ ಸಾಕ್ಷಿ ಬೇಕಾ ಅಂತಾಳೆ ಉರ್ಸುಲಾ."

ಉರ್ಸುಲಾ ಜಾಣೆ. ದಿಯೊಸೋನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಆ ಮಾತು ಕಡಿಮೆಯ ಹೆಂಗಸಿಗೆ ಹೊಳೆದದ್ದು ಊರಿನ ಪತ್ರಿಕೆ, ರೇಡಿಯೊ, ಪುರಸಭೆ ಮೂವರಿಗೂ ಹೊಳೆದಿರಲಿಲ್ಲ. ಸೋರಿಂಗಕ್ಕ ಎದುರು ಕೂತಳು. ಇಬ್ಬರೂ ಬದ್ಧವೈರಿಗಳಂತೆ ದುರುಗುಟ್ಟಿಕೊಂಡು ತಿಂದರು. ಮೊದಲ ದಿನ ಬೀದಿಯಲ್ಲಿ ನಾಲ್ಕು ಜನ ನಿಂತರು, ಎರಡನೇ ದಿನ ಹದಿನಾಲ್ಕು. ಮೂರನೇ ದಿನ ದಿಯೊಸೊ ಬಾಯಿ ಚಪ್ಪರಿಸಿ, "ಥೂ, ಉಪ್ಪಿಲ್ಲ," ಎಂದ. "ನಿಂದರಲ್ಲಿ ಉಪ್ಪು ಬಿಟ್ಟು ಬೇರೇನಿದೆ?" ಎಂದಳು ಸೋರಿಂಗಕ್ಕ. ಅವನಿಗೆ ನಗು ಬಂತು, ಅವಳಿಗೂ ಬಂತು. ಎಷ್ಟೋ ವಾರಗಳಿಂದ ನಗದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಲ್ಲಿ ಕ್ಷಮೆ ಕೇಳಲು ಇದೇ ಸಮಯ ಎನ್ನಿಸಿ, "ತಪ್ಪಾಯ್ತು ದಿಯೊಸೊ," ಎಂದು ಮೇಜಿನ ಮೇಲೆ ಅವನ ಕೈ ಮುಟ್ಟಿದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಊರು ಪ್ರತ್ಯಕ್ಷ ಕಂಡಿತು. ಹಂದಿಯ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಹುಟ್ಟಲಾರದು, ಆದರೆ ಹಂದಿಯನ್ನು ಯಾರು ನೋಡುತ್ತಾರೆ? ಗುರುವಾರ ಮೇಷ್ಟ್ರು ಬರೆದರು: "ಸೌಟಮ್ಮನ ಬಾಳಿನಲ್ಲಿ ಮತ್ತೆ ವಸಂತ! ಹಗಲು ಹೊತ್ತಿನಲ್ಲೇ ಕೈಕೈ ಹಿಡಿದು ಕೂರುವ ಆ ಡೊಳ್ಳುಹೊಟ್ಟೆಯ ಸಂಸಾರಸ್ಥರನ್ನು ಬಾಣಲೆಯಪ್ಪ ಎಂಬ ಹೆಸರಿನಲ್ಲಿ ಬಚ್ಚಿಡೋಣ. ಕಣ್ಣಾರೆ ಕಂಡ ಮೂಲಗಳು ಒಂದಲ್ಲ, ಹಲವು."

ಈ ಸಲ ಮೇಷ್ಟ್ರು ಗುರುತು ತಿರುಗಿಸುವ ಗೋಜಿಗೆ ಹೋಗಿರಲಿಲ್ಲ.

ಅವತ್ತೇ ಸೋರಿಂಗಕ್ಕನ ಹೋಟೆಲು ತುಂಬಿತು. ಆ ಮೇಜು ಯಾವುದು, ಆ ಕುರ್ಚಿ ಯಾವುದು ಎಂದು ನೋಡಲು ಪಕ್ಕದ ಊರುಗಳಿಂದಲೂ ಬಂದರು. ಬಂದವರು ಸುಮ್ಮನೆ ಕೂರಲಾಗುವುದಿಲ್ಲವಲ್ಲ, ಬಾಚೊಯ್ ತಿಂದರು. ಎರಡು ಸಲ ಸತ್ತ ಹಂದಿಯ ಮಾತು ಸುಳ್ಳೆಂದು ಯಾರೂ ಹೇಳಲಿಲ್ಲ. ಅದು ಹಳತಾಗಿತ್ತು, ಅಷ್ಟೇ. ಕಾಸಿಮಿರೊ ಎರಡನೇ ಬಟ್ಟಲು ಕೇಳಿದ. ಪಶ್ಚಿಮದ ಹೋಟೆಲೂ ತುಂಬಿತೆಂದು ಸುದ್ದಿ ಬಂತು. ದಿಯೊಸೊ ಮಾತ್ರ ಮಾರುಕಟ್ಟೆ ದಾಟಿ ಬರುವುದನ್ನು ನಿಲ್ಲಿಸಿದ.

ಮೂರು ದಿನ ಮಧ್ಯಾಹ್ನಕ್ಕೇ ಸಾರಿನ ಪಾತ್ರೆಯ ತಳ ಕಂಡಿತು. ನಾಲ್ಕನೇ ದಿನ, ಭಾನುವಾರದ ಪೂಜೆ ಮುಗಿದ ಮೇಲೆ, ಉರ್ಸುಲಾ ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೆ ಬಂದಳು. ಚರ್ಚಿಗೆ ಹಾಕಿದ ಬಿಳಿಯ ಉಡುಪಿನಲ್ಲೇ ಇದ್ದಳು.

"ಉರ್ಸುಲಾ, ದೇವರಾಣೆ, ಅಂಥದ್ದು ಏನೂ..." ಎಂದು ಸೋರಿಂಗಕ್ಕ ಶುರುಮಾಡಿದಳು.

"ನಂಗೆ ಹೇಳ್ಬೇಡ. ನಂಗೆ ಗೊತ್ತಿಲ್ವಾ? ಅವರನ್ನ ಕಳಿಸಿದ್ದೇ ನಾನು." ಉರ್ಸುಲಾಳ ದನಿ ಏರಲಿಲ್ಲ. "ಚರ್ಚಲ್ಲಿ ಹೆಂಗಸರೆಲ್ಲ ಬಂದು ನನ್ನ ಕೈ ಹಿಡ್ಕೊಂಡು ಧೈರ್ಯ ತಗೋ ಅಂತಾರೆ. ನಂಗ್ಯಾಕೆ ಧೈರ್ಯ? ಮಗಳ ಅತ್ತೆ ಮನೆಯೋರು ಏನು ವಿಷ್ಯ ಅಂತ ಕೇಳಿ ಕಳಿಸಿದಾರೆ. ಅವಳು ಅಳ್ತಾ ಕೂತಿದಾಳೆ. ನಾನು ಅಲ್ಲ ಅಂದ್ರೆ, ಪಾಪ, ಮಾನ ಮುಚ್ಕೋತಿದಾಳೆ ಅಂತಾರೆ. ನೀನು ಹೇಳು. ಅಲ್ಲಿ ಕೂತಿದಾರಲ್ಲ, ಅವರ ಮುಂದೆ ಹೋಗಿ ಒಂದೇ ಒಂದು ಮಾತು ಹೇಳು."

"ಹೇಳಿದ್ರೆ ನಂಬ್ತಾರಾ ಉರ್ಸುಲಾ? ಆವತ್ತು ರೇಡಿಯೊದಲ್ಲಿ ಹೇಳ್ದೆ, ನಂಬಿದ್ರಾ?"

"ನಂಬದೇ ಇರ್ಲಿ. ಆವತ್ತು ನಿನ್ನ ಹೋಟ್ಲಿಗೋಸ್ಕರ ಹೇಳ್ದೆ. ಇವತ್ತು ನನಗೋಸ್ಕರ ಹೇಳು. ನೀನು ಹೇಳಿದ್ದನ್ನ ನಾನು ಇಲ್ಲೇ ನಿಂತು ಕೇಳಿಸ್ಕೋಬೇಕು."

ಸೋರಿಂಗಕ್ಕ ಸೌಟು ಕೆಳಗಿಟ್ಟಳು. ಇವಳ ಗಂಡನ ಮೇಲೆ ತಾನು ಸತ್ತ ಹಂದಿ ಹೊರಿಸಿದ್ದಳು, ಇವಳು ತನ್ನ ಒಲೆ ಹೊತ್ತಿಸಲು ಆ ಗಂಡನನ್ನೇ ಕಳಿಸಿಕೊಟ್ಟಿದ್ದಳು. ಇಷ್ಟು ಋಣಕ್ಕೆ ಒಂದು ಮಾತು ದೊಡ್ಡದೇ? ಅವಳು ಕೈ ಒರೆಸಿಕೊಂಡು, "ಹೇಳ್ತೀನಿ, ನಿಂತ್ಕೋ," ಎಂದು ಪರದೆ ಸರಿಸಿ ಹೊರಗೆ ಬಂದಳು.

ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಬಾಗಿಲಾಚೆ ಇನ್ನಷ್ಟು ಜನ ಕಾಯುತ್ತ ನಿಂತಿದ್ದರು. ಅವಳು ಕಂಡದ್ದೇ ಮಾತೆಲ್ಲ ನಿಂತು, ಎಲ್ಲರ ಮುಖ ಅವಳ ಕಡೆ ತಿರುಗಿತು. ಬೀದಿಬದಿಯ ಆ ಮೇಜಿಗೆ ಹೊರಗಿನ ಊರಿನ ನಾಲ್ವರು ಹೆಂಗಸರು ಆಗತಾನೇ ಬಂದು ಕೂತಿದ್ದರು. ಅವರಲ್ಲೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ, "ಅಕ್ಕಾ, ಪೇಪರ್ನಲ್ಲಿ ಬಂದಿದ್ದು ನಿಜಾನಾ?" ಎಂದು ಕೇಳಿದಳು.

ಸೋರಿಂಗಕ್ಕ ಬಾಯಿ ತೆರೆದಳು. ಪರದೆಯ ಹಿಂದೆ ಉರ್ಸುಲಾ ನಿಂತಿರುವುದು ಅವಳ ಬೆನ್ನಿಗೆ ಗೊತ್ತಿತ್ತು. ಎದುರಿಗೆ ಕುರ್ಚಿಗಳು ತುಂಬಿದ್ದವು.

"ಎಷ್ಟು ಬಟ್ಟಲು ಕೊಡ್ಲಿ?" ಎಂದು ಕೇಳಿದಳು.

ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕನೆ ನಕ್ಕು, ನಾಲ್ಕು ಎಂದರು. ಸಾರು ತುಂಬಿಸಲು ಅವಳು ಒಳಗೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.